ಕಂಪ್ಯೂಟರ್ ರೂಮಿಗೆ ಬೇರೆ ಲೈನ್: ಆಂಪ್ಸ್ ಆಮೇಲೆ ನೋಡೋಣ, ಮೊದಲು ನ್ಯೂಟ್ರಲ್ ವಿಚಾರಿಸಿ

ಎರಡು ಕಂಪ್ಯೂಟರ್, ಒಂದು ನಾಸ್ (ಫೈಲುಗಳನ್ನು ಇಡುವ ನೆಟ್ವರ್ಕ್ ಡಿಸ್ಕ್ ಪೆಟ್ಟಿಗೆ), ಯುಪಿಎಸ್, ಪ್ರಿಂಟರ್ ಇರುವ ರೂಮಿಗೆ ಡಿಬಿಯಿಂದ (ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ) ಬೇರೆ ಲೈನ್ ಎಳೆಸುತ್ತಿದ್ದೇನೆ, ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) 20 ಆಂಪ್ಸ್ ಹಾಕಿಸಲೋ 32 ಆಂಪ್ಸೋ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ಕಾಲದಲ್ಲಿ ಎಲೆಕ್ಟ್ರಿಷಿಯನ್ ಜೊತೆ ಅರ್ಧ ದಿನ ವಾದ ಮಾಡಿದ್ದೆ. ಅಷ್ಟು ಹೊತ್ತಿನ ವಾದದಲ್ಲಿ ನ್ಯೂಟ್ರಲ್ ವೈರಿನ (ಕರೆಂಟು ವಾಪಸ್ ಹೋಗುವ ವೈರಿನ) ಮಾತು ಬಂದದ್ದು ಒಂದೇ ಸಲ. ಅದಕ್ಕೂ ನಾನು ಯೋಚನೆ ಮಾಡದೆ "ಸರಿ" ಅಂದೆ. ಆ ಒಂದು "ಸರಿ"ಯಿಂದ ಒಂದು ಕುಟುಂಬದ ಮದುವೆ ವಿಡಿಯೋ ಅರ್ಧಕ್ಕಿಂತ ಜಾಸ್ತಿ ಹೋಯಿತು.

ನಾನು ಮೈಸೂರಿನಲ್ಲಿ ಮನೆಯಿಂದಲೇ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಮದುವೆ, ಗೃಹಪ್ರವೇಶ, ಆಗಾಗ ಸಾಕ್ಷ್ಯಚಿತ್ರ. ನಮ್ಮದು ಹಳೇ ಮನೆ. ಬೋರ್‌ವೆಲ್ ಮೋಟರ್‌ಗಾಗಿ ಅಪ್ಪ ತ್ರೀ ಫೇಸ್ ತೆಗೆದುಕೊಂಡಿದ್ದರು. ಮೀಟರ್ ಬೋರ್ಡ್ ಪಕ್ಕದಲ್ಲಿ ಚೇಂಜ್ ಓವರ್ ಸ್ವಿಚ್ ಕೂಡ ಇತ್ತು. ಒಂದು ಫೇಸ್ ಹೋದರೆ ಅದನ್ನು ತಿರುಗಿಸಿ ಆ ಭಾಗದ ಲೋಡನ್ನು ಇನ್ನೊಂದು ಫೇಸಿಗೆ ಹಾಕಿಕೊಳ್ಳುವುದು ನಮ್ಮ ಕಡೆ ತೀರಾ ಮಾಮೂಲಿ, ಅಲ್ವಾ? ಈ ಸ್ವಿಚ್ಚನ್ನು ನೆನಪಿಟ್ಟುಕೊಳ್ಳಿ. ಮುಂದೆ ಆದದ್ದರಲ್ಲಿ ಇದರ ಪಾತ್ರ ದೊಡ್ಡದು.

ನನ್ನ ಕಂಪ್ಯೂಟರ್ ರೂಮಿನ ಲೈಟು, ಫ್ಯಾನು, ಪ್ಲಗ್ ಪಾಯಿಂಟು, ಪಕ್ಕದ ಬಾತ್‌ರೂಮಿನ ಗೀಸರ್ ಎಲ್ಲಾ ಒಂದೇ ಸರ್ಕ್ಯೂಟಿನಲ್ಲಿದ್ದವು. ರೆಂಡರ್ ಓಡುತ್ತಿದ್ದಾಗ ಯಾರಾದರೂ ಗೀಸರ್ ಹಾಕಿ, ಮೇಲಿಂದ ಇಸ್ತ್ರಿ ಪೆಟ್ಟಿಗೆಯನ್ನೂ ಚುಚ್ಚಿದರೆ ಎಂಸಿಬಿ ಬೀಳುತ್ತಿತ್ತು. ಅದಕ್ಕೇ ಬೇರೆ ಲೈನ್ ಬೇಕು ಅಂತ ನಿರ್ಧಾರ ಮಾಡಿದೆ. ನಿರ್ಧಾರ ಸರಿಯಾಗಿಯೇ ಇತ್ತು. ಮಾಡಿಸಿದ ರೀತಿ ತಪ್ಪಾಯಿತು.

ಎಲೆಕ್ಟ್ರಿಷಿಯನ್ ಬಂದು ನೋಡಿದರು. ಗೋಡೆಯೊಳಗಿನ ಪೈಪ್ ವೈರುಗಳಿಂದ ತುಂಬಿತ್ತು. ಹೊಸ ಪೈಪ್ ಕೂರಿಸಬೇಕಾದರೆ ಗೋಡೆ ಒಡೆಯಬೇಕು, ಪ್ಲಾಸ್ಟರ್ ಮಾಡಬೇಕು, ಮತ್ತೆ ಬಣ್ಣ ಹೊಡೆಸಬೇಕು. ಅವರೇ ಒಂದು ದಾರಿ ಹೇಳಿದರು. "ನ್ಯೂಟ್ರಲ್ ಇಲ್ಲೇ ಬೋರ್ಡಿನಲ್ಲಿ ಇದೆಯಲ್ಲ, ಫೇಸ್ ಒಂದು ಹೊಸದಾಗಿ ಎಳೆದರೆ ಸಾಕು. ಒಂದು ವೈರ್ ಪೈಪಿನಲ್ಲಿ ಹಿಡಿಯುತ್ತೆ." ನನ್ನ ತಲೆಯೆಲ್ಲ ಎಂಸಿಬಿ ಎಷ್ಟು ಆಂಪ್ಸ್ ಅನ್ನುವುದರಲ್ಲೇ ಇತ್ತು. ಹೊಸ ಎಂಸಿಬಿ, ಹೊಸ ಫೇಸ್, ಅದೂ ಬೇರೆ ಫೇಸಿನಿಂದ. ಇದಕ್ಕಿಂತ ಪ್ರತ್ಯೇಕ ಇನ್ನೇನು ಬೇಕು ಅಂದುಕೊಂಡೆ. ಗೀಸರ್ ಆರ್ ಫೇಸಿನಲ್ಲಿ, ಕಂಪ್ಯೂಟರ್ ವೈ ಫೇಸಿನಲ್ಲಿ, ಎರಡಕ್ಕೂ ನ್ಯೂಟ್ರಲ್ ಒಂದೇ. ಅದೂ ಹಳೇ ವೈರು. ಅದರ ಜಾಯಿಂಟು ಬೋರ್ಡಿನ ಹಿಂದೆ, ಬರೀ ತಿರುಚಿ ಟೇಪ್ ಸುತ್ತಿದ್ದು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಇಷ್ಟು ಅರ್ಥವಾದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ.

ಫೇಸ್ ವೈರಿನಲ್ಲಿ ಬಂದ ಕರೆಂಟು ನ್ಯೂಟ್ರಲ್ ವೈರಿನಲ್ಲಿ ವಾಪಸ್ ಹೋಗಬೇಕು. ಬೇರೆ ಬೇರೆ ಫೇಸಿನ ಎರಡು ಲೋಡಿಗೆ ಒಂದೇ ನ್ಯೂಟ್ರಲ್ ಇದ್ದರೆ, ಎರಡೂ ಕರೆಂಟು ಪೂರ್ತಿಯಾಗಿ ಕೂಡುವುದಿಲ್ಲ. ಫೇಸುಗಳ ನಡುವೆ 120 ಡಿಗ್ರಿ ಅಂತರ ಇರುವುದರಿಂದ ಒಂದಷ್ಟು ಒಂದನ್ನೊಂದು ಕಳೆದುಕೊಳ್ಳುತ್ತವೆ. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪ್ಸ್ ಎಳೆಯುತ್ತದೆ. ರೆಂಡರ್ ಹೊತ್ತಿನಲ್ಲಿ ನನ್ನ ಕಂಪ್ಯೂಟರುಗಳೆಲ್ಲ ಸೇರಿ 4 ಆಂಪ್ಸ್ ಹತ್ತಿರ. ಬೇರೆ ಫೇಸಿನಲ್ಲಿದ್ದಾಗ ನ್ಯೂಟ್ರಲ್‌ನಲ್ಲಿ ಹರಿಯುವುದು ಏಳೂವರೆ ಆಂಪ್ಸ್ ಆಸುಪಾಸು. ಏನೂ ತೊಂದರೆ ಕಾಣಲ್ಲ.

ಈಗ ಆರ್ ಫೇಸ್ ಹೋಯಿತು ಅನ್ನಿ. ಚೇಂಜ್ ಓವರ್ ತಿರುಗಿಸಿದಿರಿ. ಗೀಸರ್ ಕೂಡ ವೈ ಫೇಸಿಗೆ ಬಂತು. ಈಗ ಕಳೆಯುವ ಲೆಕ್ಕ ಇಲ್ಲ, ಬರೀ ಕೂಡುವ ಲೆಕ್ಕ. ನ್ಯೂಟ್ರಲ್‌ನಲ್ಲಿ 12.7 ಆಂಪ್ಸ್. ಜೊತೆಗೆ ಯಾರಾದರೂ ಇಸ್ತ್ರಿ ಪೆಟ್ಟಿಗೆ ಹಾಕಿದರೆ 17. ಮೇಲೆ ಎರಡು ಎಂಸಿಬಿ ಇವೆ. ಅವು ತಮ್ಮ ತಮ್ಮ ಫೇಸ್ ವೈರನ್ನು ಮಾತ್ರ ನೋಡುತ್ತವೆ. ಎರಡಕ್ಕೂ ತಮ್ಮ ಪಾಲಿನ ಲೋಡ್ ಸರಿಯಾಗೇ ಕಾಣುತ್ತದೆ. ನ್ಯೂಟ್ರಲ್ ಬಿಸಿಯಾಗುತ್ತಿರುವುದನ್ನು ನೋಡುವವರು ಯಾರೂ ಇಲ್ಲ.

ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಫೇಸ್ ಹೋಗುವುದು ಜಾಸ್ತಿ ಇತ್ತು. ನಾವು ಚೇಂಜ್ ಓವರ್ ತಿರುಗಿಸುತ್ತಲೇ ಇದ್ದೆವು. ಪ್ರತಿ ಸಲವೂ ಆ ಟೇಪಿನ ಜಾಯಿಂಟ್ ಕಾದು ತಣ್ಣಗಾಗುತ್ತಿತ್ತು. ಕಾದಾಗ ತಾಮ್ರ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ತಿರುಚಿದ್ದು ಸಡಿಲವಾಗುತ್ತದೆ. ಸಡಿಲವಾದ ಜಾಯಿಂಟ್ ಇನ್ನೂ ಜಾಸ್ತಿ ಕಾಯುತ್ತದೆ. ಕೊನೆಗೆ ಅದು ಕರಕಲಾಗಿ ಬಿಟ್ಟುಕೊಂಡಿತು. ಬಿಟ್ಟುಕೊಂಡ ಹೊತ್ತಿಗೆ ಎರಡೂ ಫೇಸ್ ತಮ್ಮ ತಮ್ಮ ಜಾಗದಲ್ಲಿದ್ದವು, ಗೀಸರ್ ಆನ್ ಆಗಿತ್ತು.

ನ್ಯೂಟ್ರಲ್ ಕಟ್ ಆದರೆ ಎಲ್ಲಾ ಆಫ್ ಆಗುತ್ತದೆ ಅಂತ ನಾನು ನಂಬಿದ್ದೆ. ಒಂದೇ ಫೇಸ್ ಇದ್ದಿದ್ದರೆ ಹಾಗೇ ಆಗುತ್ತಿತ್ತು. ಆದರೆ ಇಲ್ಲಿ ಕರೆಂಟಿಗೆ ಇನ್ನೊಂದು ದಾರಿ ಇತ್ತು. ಆರ್ ಫೇಸಿನಿಂದ ಹೊರಟು, ಗೀಸರ್ ಮೂಲಕ ಆ ಮುರಿದ ಜಾಯಿಂಟಿಗೆ ಬಂದು, ಅಲ್ಲಿಂದ ಡಿಬಿಗೆ ಹೋಗಲಾಗದೆ ಕಂಪ್ಯೂಟರಿನೊಳಗೆ ನುಗ್ಗಿ ವೈ ಫೇಸಿಗೆ ಹೋಗುವ ದಾರಿ. ಎರಡು ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ. ಆ 400 ವೋಲ್ಟನ್ನು ಗೀಸರ್ ಮತ್ತು ಕಂಪ್ಯೂಟರ್ ಹಂಚಿಕೊಳ್ಳಬೇಕು. ಸಮ ಪಾಲು ಆಗಲ್ಲ. ಯಾರ ಲೋಡ್ ಹಗುರವೋ ಅವರಿಗೆ ವೋಲ್ಟೇಜ್ ಜಾಸ್ತಿ. 2000 ವ್ಯಾಟಿನ ಗೀಸರಿನ ರೆಸಿಸ್ಟೆನ್ಸ್ ಸುಮಾರು 26 ಓಮ್. ಸುಮ್ನೆ ಆನ್ ಆಗಿ ಕೂತ ಕಂಪ್ಯೂಟರ್ ಸೆಟ್ಟು 150 ವ್ಯಾಟ್ ಎಳೆಯುತ್ತಿದ್ದರೆ ಅದು 350 ಓಮ್ ಇದ್ದ ಹಾಗೆ. ಲೆಕ್ಕ ಹಾಕಿ ನೋಡಿ. ಗೀಸರಿಗೆ 30 ವೋಲ್ಟೂ ಸಿಗಲ್ಲ. ಕಂಪ್ಯೂಟರಿಗೆ 370 ವೋಲ್ಟ್ ಬಡಿಯುತ್ತದೆ.

ಆಗ ನಾನು ರೂಮಿನಲ್ಲೇ ಇದ್ದೆ. ಲೈಟು ಆರಿತು, ಫ್ಯಾನ್ ನಿಧಾನವಾಯಿತು. ಅದೇ ಕ್ಷಣ ಮೇಜಿನ ಕೆಳಗಿಂದ ಪಟಾಕಿ ಥರ ಸದ್ದು, ಸುಟ್ಟ ವಾಸನೆ, ಹೊಗೆ. ಲೈಟು ಆರಿದ್ದಕ್ಕೆ ಕಾರಣ ಈಗ ಗೊತ್ತಾಗಿರಬೇಕು: ಅದು ಗೀಸರ್ ಕಡೆಯ ಪಾಲಿನಲ್ಲಿತ್ತು. ಕಂಪ್ಯೂಟರ್ ಲೈನಿನ ಎಂಸಿಬಿ ಇದನ್ನು ತಡೆಯಲಿಲ್ಲ. ಅದು ನೋಡುವುದು ಕರೆಂಟನ್ನು, ವೋಲ್ಟೇಜನ್ನಲ್ಲ.

ಯಾಕೆ ಸಿಡಿಯಿತು ಅಂದರೆ, ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿಯಾದ ಎಸ್‌ಎಂಪಿಎಸ್ ಒಳಗೆ ಬರುವ ಎಸಿಯನ್ನು ಮೊದಲು ಡಿಸಿ ಮಾಡುತ್ತದೆ. 230 ವೋಲ್ಟ್ ಬಂದರೆ ಒಳಗೆ ಹತ್ತಿರ ಹತ್ತಿರ 325 ವೋಲ್ಟ್ ಡಿಸಿ. ಅಲ್ಲಿರುವ ದೊಡ್ಡ ಕೆಪ್ಯಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. 370 ವೋಲ್ಟ್ ಎಸಿ ಬಂದರೆ ಒಳಗೆ 520 ದಾಟುತ್ತದೆ. ಇನ್ನು ಸ್ಪೈಕ್ ಬಸ್ಟರ್ ಇತ್ತಲ್ಲ ಅಂತ ನೀವು ಕೇಳಬಹುದು. ಅದರೊಳಗಿನ ಎಂಒವಿ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬರುವ ಸ್ಪೈಕ್ ನುಂಗುವುದಕ್ಕೆ ಮಾತ್ರ. ನಿಂತು ಬರುವ ಓವರ್ ವೋಲ್ಟೇಜ್ ಅದರ ಕೈಯಲ್ಲಿ ಆಗಲ್ಲ. ಅದೇ ಮೊದಲು ಹೊತ್ತಿಕೊಂಡಿತು. ಯುಪಿಎಸ್ ತಾನು ಸುಟ್ಟುಹೋಗಿ ಎಡಿಟಿಂಗ್ ಮಷೀನನ್ನು ಉಳಿಸಿತು. ಯುಪಿಎಸ್‌ನಲ್ಲಿ ಪಾಯಿಂಟ್ ಸಾಲದೆ ನಾಸ್ ಮತ್ತು ಎರಡನೇ ಕಂಪ್ಯೂಟರನ್ನು ನೇರ ಸ್ಪೈಕ್ ಬಸ್ಟರಿಗೆ ಹಾಕಿದ್ದೆ. ಆ ಎರಡೂ ಹೋದವು.

ನಾಸ್‌ನಲ್ಲಿ ಎರಡು ಡಿಸ್ಕ್, ಒಂದರ ನಕಲು ಇನ್ನೊಂದು. ಒಂದು ಕೆಟ್ಟರೆ ಇನ್ನೊಂದಿದೆ ಅನ್ನುವ ಧೈರ್ಯ. ಎರಡಕ್ಕೂ ಪವರ್ ಹೋಗುತ್ತಿದ್ದದ್ದು ಒಂದೇ ಅಡಾಪ್ಟರಿನಿಂದ. ಅಡಾಪ್ಟರ್ ಸಿಡಿದಾಗ 12 ವೋಲ್ಟಿನ ಕಡೆಗೂ ಏಟು ಬಿತ್ತು, ಎರಡೂ ಡಿಸ್ಕಿನ ಬೋರ್ಡು ಒಟ್ಟಿಗೆ ಹೋಯಿತು. ಕ್ಯಾಮೆರಾ ಕಾರ್ಡುಗಳು ಆಗಲೇ ಖಾಲಿಯಾಗಿ ಮುಂದಿನ ಮದುವೆಗೆ ಹೋಗಿದ್ದವು. ಬೆಂಗಳೂರಿನಲ್ಲಿ ಡೇಟಾ ರಿಕವರಿ ಮಾಡುವವರ ಹತ್ತಿರ ಕೊಟ್ಟೆ. ಡಿಸ್ಕಿನ ಬೋರ್ಡಿನಲ್ಲಿ ರಕ್ಷಣೆಗೆಂದೇ ಇರುವ ಟಿವಿಎಸ್ ಡಯೋಡ್ ಶಾರ್ಟ್ ಆಗಿತ್ತು. ಬರೀ ಅದೊಂದೇ ಆಗಿದ್ದರೆ ಸುಲಭ ಇತ್ತು. ಬೇರೆ ಚಿಪ್ಪುಗಳೂ ಹೋಗಿದ್ದವು. ಅದೇ ಮಾಡೆಲಿನ ಇನ್ನೊಂದು ಬೋರ್ಡ್ ಹುಡುಕಿ, ಹಳೆಯದರ ರೋಮ್ (ROM) ಚಿಪ್ ತೆಗೆದು ಅದಕ್ಕೆ ಹಾಕಿ, ಒಂದು ಡಿಸ್ಕಿನಿಂದ ಒಂದಷ್ಟು ಎತ್ತಿಕೊಟ್ಟರು. ಆರತಕ್ಷತೆ ಸಿಕ್ಕಿತು. ಧಾರೆ ಸಿಗಲಿಲ್ಲ. ಹುಡುಗಿಯ ತಾಯಿಗೆ ಅದನ್ನು ಫೋನಿನಲ್ಲಿ ಹೇಳಿದ್ದು ನನಗೆ ಇವತ್ತಿಗೂ ನೋವು. ನಾನು ಪೂರ್ತಿ ಹಣ ವಾಪಸ್ ಕೊಟ್ಟೆ, ಆದರೆ ಅವರು ಕೇಳಿದ್ದು ಹಣ ಅಲ್ಲ.

ಕರೆಂಟ್ ಆಫೀಸಿನಿಂದ ಬಂದ ಲೈನ್‌ಮ್ಯಾನ್ ಮೀಟರ್ ಹತ್ತಿರ ಮೂರೂ ಫೇಸ್ ಅಳೆದು ತೋರಿಸಿದರು. ಎಲ್ಲಾ ಸರಿಯಾಗಿತ್ತು. ಆಮೇಲೆ ಬಂದ ಬೇರೆ ಎಲೆಕ್ಟ್ರಿಷಿಯನ್ ಸೀದಾ ಸ್ವಿಚ್ ಬೋರ್ಡ್ ಬಿಚ್ಚಿದರು. ಕರಕಲಾದ ಕಪ್ಪು ವೈರ್ ಕೈಗೆ ಕೊಟ್ಟರು. ನ್ಯೂಟ್ರಲ್ ಉಳಿಸಿಕೊಂಡು ನಾನು ಉಳಿಸಿದ್ದು ವೈರು, ಪೈಪು, ಪ್ಲಾಸ್ಟರ್ ಸೇರಿ ಕೆಲವೇ ಸಾವಿರ ರೂಪಾಯಿ.

ಈಗ ನಿಮ್ಮ 20ಕ್ಕೆ, 32ಕ್ಕೆ ಬರೋಣ. ಎರಡೂ ಬೇಡ. ನಿಮ್ಮ ಪಟ್ಟಿ ನೋಡಿದೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಪೂರ್ತಿ ದುಡಿದರೆ 500-600 ವ್ಯಾಟ್ ಅನ್ನಿ, ಅಂದರೆ ಎರಡೂವರೆ ಆಂಪ್ಸ್. ಎರಡು ಇದ್ದರೆ ಐದು. ಮಾನಿಟರ್, ನಾಸ್, ರೂಟರ್ ಎಲ್ಲಾ ಸೇರಿದರೂ ಇನ್ನೊಂದು ಆಂಪ್ಸ್. ಪ್ರಿಂಟರ್ ಬಿಟ್ಟರೆ ಏಳು ದಾಟಲ್ಲ. ಎಂಸಿಬಿ ದೊಡ್ಡದಾದಷ್ಟೂ ಸೇಫ್ ಅನ್ನುವ ನಂಬಿಕೆ ತಲೆಕೆಳಗು. ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಸುಡದಂತೆ ಕಾಯಲಿಕ್ಕೆ. 2.5 ಸ್ಕ್ವೇರ್ ಎಂಎಂ ವೈರಿಗೆ 32 ಆಂಪ್ಸ್ ಎಂಸಿಬಿ ಹಾಕಿದರೆ ಎಂಸಿಬಿಗಿಂತ ಮೊದಲು ವೈರೇ ಕಾದು ಹೋಗುತ್ತದೆ. 2.5ರ ತಾಮ್ರದ ವೈರು, 16 ಆಂಪ್ಸ್ ಎಂಸಿಬಿ, ಸಿ ಕರ್ವ್. ಅಷ್ಟೇ ಸಾಕು. ಸಿ ಕರ್ವ್ ಯಾಕೆಂದರೆ, ಕರೆಂಟು ಹೋಗಿ ಬಂದಾಗ ಎಲ್ಲಾ ಎಸ್‌ಎಂಪಿಎಸ್ ಒಟ್ಟಿಗೆ ಒಂದು ದೊಡ್ಡ ಗುಟುಕು ಎಳೆಯುತ್ತವೆ. ಬಿ ಕರ್ವ್ ಎಂಸಿಬಿ ಮೂರರಿಂದ ಐದು ಪಟ್ಟು ಕರೆಂಟಿಗೇ ತಟ್ಟನೆ ಬೀಳುತ್ತದೆ. ಸಿ ಕರ್ವ್ ಐದರಿಂದ ಹತ್ತು ಪಟ್ಟಿನ ತನಕ ತಾಳುತ್ತದೆ.

ನೀವು ಎಲೆಕ್ಟ್ರಿಷಿಯನ್‌ಗೆ ಕೇಳಬೇಕಾದ ಪ್ರಶ್ನೆ ಬೇರೆ. "ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಡಿಬಿಯಿಂದ ರೂಮಿನ ತನಕ ಹೊಸದಾಗಿ ಬರುತ್ತಾ? ನಡುವೆ ಎಲ್ಲೂ ಜಾಯಿಂಟ್ ಇಲ್ವಾ?" ಅವರು "ನ್ಯೂಟ್ರಲ್ ಎಲ್ಲಾ ಒಂದೇ ಅಲ್ವಾ ಸರ್" ಅಂದರೆ ಬೇರೆಯವರನ್ನು ಕರೆಯಿರಿ. ಗೋಡೆ ಒಡೆಯುವುದು ಬೇಡ ಅನಿಸಿದರೆ ಗೋಡೆಯ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ. ನೋಡಲಿಕ್ಕೆ ಅಷ್ಟು ಚೆನ್ನಾಗಿರಲ್ಲ, ಪರವಾಗಿಲ್ಲ. ನಾನು ಈಗ ಹಾಗೇ ಮಾಡಿಸಿದ್ದೇನೆ.

ಕೆಲಸ ಆದ ಮೇಲೆ ಪರೀಕ್ಷೆ ಮಾಡಿಸುವುದೂ ಸುಲಭ. ಡಿಬಿಯಿಂದ ಹೊರಡುವ ಫೇಸ್ ವೈರುಗಳನ್ನು ಎಣಿಸಿ, ನ್ಯೂಟ್ರಲ್ ಲಿಂಕಿನಿಂದ (ನ್ಯೂಟ್ರಲ್ ವೈರುಗಳೆಲ್ಲ ಸೇರುವ ಪಟ್ಟಿಯಿಂದ) ಹೊರಡುವ ವೈರುಗಳನ್ನೂ ಎಣಿಸಿ. ಸಿಂಗಲ್ ಫೇಸಿನ ಸರ್ಕ್ಯೂಟುಗಳಿಗೆ ಲೆಕ್ಕ ಸರಿಹೋಗಬೇಕು. ನನ್ನ ಡಿಬಿಯಲ್ಲಿ ಒಂದು ನ್ಯೂಟ್ರಲ್ ಕಡಿಮೆ ಇತ್ತು, ಯಾರೂ ಎಣಿಸಿರಲಿಲ್ಲ. ಇನ್ನೊಂದು, ಎಲೆಕ್ಟ್ರಿಷಿಯನ್ ಹತ್ತಿರ ಕ್ಲ್ಯಾಂಪ್ ಮೀಟರ್ ಇದ್ದರೆ ಆ ಲೈನಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ದವಡೆಯೊಳಗೆ ಹಿಡಿಯಲಿ. ಹೋದದ್ದೆಲ್ಲ ವಾಪಸ್ ಬರುತ್ತಿದ್ದರೆ ಮೀಟರ್ ಸೊನ್ನೆ ಹತ್ತಿರ ತೋರಿಸುತ್ತದೆ. ಕಂಪ್ಯೂಟರ್ ಓಡುವಾಗ ಒಂದೆರಡು ಆಂಪ್ಸ್ ತೋರಿಸಿದರೆ ನ್ಯೂಟ್ರಲ್ ಎಲ್ಲೋ ಬೆರೆತಿದೆ. ದಯವಿಟ್ಟು ಕರೆಂಟ್ ಇರುವಾಗ ನ್ಯೂಟ್ರಲ್ ಬಿಚ್ಚಿ ಪರೀಕ್ಷೆ ಮಾಡಲು ಬಿಡಬೇಡಿ. ಬೆರೆತಿದ್ದರೆ ಆ ಬಿಚ್ಚಿದ ಕ್ಷಣವೇ ನನಗೆ ಆದದ್ದು ನಿಮಗೂ ಆಗುತ್ತದೆ.

ಆರ್‌ಸಿಸಿಬಿ (ಕರೆಂಟು ಭೂಮಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆ, ಅದು ಹಿಡಿಯುತ್ತೆ ಅಂತ ಕೆಲವರು ಹೇಳುತ್ತಾರೆ. ನಮ್ಮಲ್ಲಿ ಇಡೀ ಮನೆಗೆ ಒಂದೇ ನಾಲ್ಕು ಪೋಲಿನ ಆರ್‌ಸಿಸಿಬಿ ಇತ್ತು. ಅದು ಮೂರು ಫೇಸ್ ಮತ್ತು ನ್ಯೂಟ್ರಲ್ ಒಟ್ಟು ಲೆಕ್ಕ ನೋಡುತ್ತದೆ. ಒಳಗೆ ನ್ಯೂಟ್ರಲ್ ಹಂಚಿಕೊಂಡರೂ, ಕಟ್ ಆದರೂ ಒಟ್ಟು ಲೆಕ್ಕ ಸರಿಯೇ ಇರುತ್ತದೆ. ಭೂಮಿಗೆ ಏನೂ ಸೋರಿಲ್ಲವಲ್ಲ. ಅದಕ್ಕೇ ಅದು ಸುಮ್ಮನಿತ್ತು. ಕಂಪ್ಯೂಟರ್ ಲೈನಿಗೆ ಅದರದ್ದೇ ಒಂದು 30 ಮಿಲಿ ಆಂಪ್ಸಿನ ಆರ್‌ಸಿಬಿಒ (ಎಂಸಿಬಿ ಮತ್ತು ಸೋರಿಕೆ ಹಿಡಿಯುವ ಸ್ವಿಚ್ ಎರಡೂ ಒಂದರಲ್ಲೇ) ಹಾಕಿಸಿ, ಟೈಪ್ ಎ ಸಿಕ್ಕರೆ ಒಳ್ಳೆಯದು. ಅದರ ಮೂಲಕ ಹೋದ ಫೇಸು ಬೇರೆ ನ್ಯೂಟ್ರಲ್‌ನಿಂದ ವಾಪಸ್ ಬಂದರೆ ಅದು ಮೊದಲ ದಿನವೇ ಬಿದ್ದು ತಪ್ಪನ್ನು ತೋರಿಸಿಕೊಡುತ್ತದೆ. ಅಡುಗೆಮನೆಯ ಮಿಕ್ಸಿಯಲ್ಲಿ ಲೀಕೇಜ್ ಬಂದರೆ ನಿಮ್ಮ ಕಂಪ್ಯೂಟರ್ ಆಫ್ ಆಗುವುದೂ ತಪ್ಪಬೇಕಾದರೆ, ಈ ಲೈನನ್ನು ಮನೆಯ ಆರ್‌ಸಿಸಿಬಿಗಿಂತ ಮೊದಲೇ ತೆಗೆಯಬೇಕು. ಅದನ್ನೂ ಹೇಳಿ.

ನಿಮ್ಮ ಪ್ರಶ್ನೆಯಲ್ಲಿ "ಕಂಪ್ಯೂಟರಿಗೆ ಅಂತಲೇ ಬೇರೆ ಅರ್ತ್ ಗುಂಡಿ ತೋಡಿಸಲಾ" ಅಂತಲೂ ಇದೆ. ಮನೆಯ ಅರ್ತಿಗೆ ಸೇರಿಸದೆ ಪ್ರತ್ಯೇಕ ಇಡುವುದಾದರೆ ಖಂಡಿತ ಬೇಡ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳಬಹುದು, ಅದು ನಿಮ್ಮ ನೆಟ್‌ವರ್ಕ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಎರಡನೇ ಗುಂಡಿ ತೋಡಿಸಿದರೆ ಎರಡನ್ನೂ ಒಟ್ಟಿಗೆ ಕಟ್ಟಿಸಿ. ಇರುವ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಜಾಸ್ತಿ ಕಂಡರೆ ಕಾರಣ ಹುಡುಕಿಸಿ. ಕೆಲವರು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಗೂ ಅರ್ತ್ ಪಿನ್ನಿಗೂ ಲೂಪ್ ಹಾಕಿ ಮೀಟರಿನಲ್ಲಿ ಸೊನ್ನೆ ತೋರಿಸಿಬಿಡುತ್ತಾರೆ. ನ್ಯೂಟ್ರಲ್ ಕಟ್ ಆದ ದಿನ ನಿಮ್ಮ ಕ್ಯಾಬಿನೆಟ್ ಮುಟ್ಟಿದರೆ 230 ವೋಲ್ಟ್ ತನಕ ಹೊಡೆಯಬಹುದು. ಇದು ಪ್ರಾಣದ ವಿಷಯ.

ನ್ಯೂಟ್ರಲ್ ಸರಿಮಾಡಿಸಿದ ಮೇಲೆ ಮೊದಲು ದುಡ್ಡು ಹಾಕಬೇಕಾದ್ದು ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್ ಕಟ್ ಆಫ್ ರಿಲೇಗೆ. ಡಿಬಿಯಲ್ಲೇ ಕೂರುತ್ತದೆ. 270 ವೋಲ್ಟ್ ಆಸುಪಾಸಿನಲ್ಲಿ ಲೈನ್ ಕಡಿದುಬಿಡುತ್ತದೆ, ಸರಿಹೋದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ತಾನೇ ಸೇರಿಸುತ್ತದೆ. ಒಂದು ವಿಷಯ, ನನ್ನ ಥರ ಡಿಬಿಯ ಆಚೆ, ರೂಮಿನ ಬೋರ್ಡಿನಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ ಡಿಬಿಯ ರಿಲೇಗೆ ಅದು ಕಾಣುವುದಿಲ್ಲ. ಅದಕ್ಕೇ ನ್ಯೂಟ್ರಲ್ ಸರಿ ಇದ್ದರೆ ಮಾತ್ರ ಇದು ಪೂರ್ತಿ ಕೆಲಸಕ್ಕೆ ಬರುತ್ತದೆ. ನಮ್ಮದು ಸಿಂಗಲ್ ಫೇಸ್ ಮನೆ, ಇದೆಲ್ಲ ಬೇಡ ಅಂತ ಬಿಡಬೇಡಿ. ಟ್ರಾನ್ಸ್‌ಫಾರ್ಮರ್ ಹತ್ತಿರ ಅಥವಾ ಕಂಬದಲ್ಲಿ ನ್ಯೂಟ್ರಲ್ ಕಟ್ ಆದರೆ ಇಡೀ ಬೀದಿಗೆ ಇದೇ ಲೆಕ್ಕ ಅನ್ವಯಿಸುತ್ತದೆ. ಮಳೆ ಗಾಳಿಗೆ ಕೊಂಬೆ ಬಿದ್ದು ಬೀದಿಯ ಟಿವಿಗಳೆಲ್ಲ ಒಟ್ಟಿಗೆ ಸುಟ್ಟವು ಅಂತ ಕೇಳಿರುತ್ತೀರಲ್ಲ, ಅದರಲ್ಲಿ ಬಹಳಷ್ಟು ಇದೇ.

ಲೇಸರ್ ಪ್ರಿಂಟರನ್ನು ಈ ಲೈನಿಗೆ ಹಾಕಬಹುದು, ಯುಪಿಎಸ್‌ಗೆ ಮಾತ್ರ ಬೇಡ. ಅದರ ಫ್ಯೂಸರ್ ಎಂಬ ಬಿಸಿ ಭಾಗ ಕಾಯುವಾಗ 800-1000 ವ್ಯಾಟ್ ಎಳೆದು ಸಣ್ಣ ಯುಪಿಎಸ್ಸನ್ನು ಕೆಡವುತ್ತದೆ. ಏರ್ ಕಂಡಿಷನರ್ ಈ ಲೈನಿಗೆ ಬರಲೇ ಕೂಡದು. ನಾಸ್ ಯುಪಿಎಸ್‌ನಲ್ಲೇ ಇರಲಿ, ಅದರ ಒಂದು ಪ್ರತಿ ಮನೆಯಿಂದ ಹೊರಗಿನ ಡಿಸ್ಕಿನಲ್ಲಿ ಇರಲಿ. ಈ ಸಾಕೆಟ್ಟುಗಳಿಗೆ ಬೇರೆ ಬಣ್ಣದ ಪ್ಲೇಟ್ ಹಾಕಿಸಿ, ಇಸ್ತ್ರಿ ಪೆಟ್ಟಿಗೆ ತಪ್ಪಿ ಅಲ್ಲಿಗೆ ಬರದಂತೆ. ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಇರುವ ಕಾಂಟ್ರಾಕ್ಟರನ್ನೇ ಕರೆಸಿ, ವೈರಿಂಗಿಗೆ ಭಾರತೀಯ ಮಾನದಂಡವಾದ ಐಎಸ್ 732, ಅರ್ತಿಂಗಿಗೆ ಐಎಸ್ 3043 ಪ್ರಕಾರ ಮಾಡಿ ಅಂತ ಬಾಯಿಬಿಟ್ಟು ಹೇಳಿ. ಗೋಡೆ ಒಡೆಸುವುದಾದರೆ ಪ್ಲಾಸ್ಟರ್ ಮುಚ್ಚುವ ಮೊದಲು ಪೈಪ್ ಹೋಗಿರುವ ದಾರಿಯ ಫೋಟೋ, ಡಿಬಿ ಮುಚ್ಚುವ ಮೊದಲು ನ್ಯೂಟ್ರಲ್ ಲಿಂಕಿನ ಫೋಟೋ ತೆಗೆದು ಇಲ್ಲಿ ಹಾಕಿ. ನಾನು ಎಣಿಸಿ ಹೇಳುತ್ತೇನೆ.